ಗೋಡೆಗೆ ಮುಖ ಮಾಡಿ ನಿಂತವರು

ಟೀವಿ ರಿಪೇರಿ ಅಂಗಡಿಯ ಹಿಂದಿನ ಕೋಣೆಗೆ ಹೊಸಬರು ಯಾರಾದರೂ ಪಂದ್ಯ ನೋಡಲು ಬಂದರೆ ಅವರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಹೆಸರು ಕಟ್ಟಿಕೊಂಡು ಏನಾಗಬೇಕು ಎಂಬುದು ಅಲ್ಲಿನವರ ವಾದ. ಏನು ಕೆಲಸ, ಮೊದಲು ನೋಡಿದ ಪಂದ್ಯ ಯಾವುದು, ನಮ್ಮವರು ಸಂಕಟದಲ್ಲಿದ್ದಾಗ ನೀವೇನು ಮಾಡ್ತೀರಿ, ಇಷ್ಟನ್ನು ಹೇಳಿದವನಿಗೆ ಕುರ್ಚಿ ಸಿಗುತ್ತಿತ್ತು. ಹೇಳಲು ಬಾರದವನು ಬಾಗಿಲ ಬಳಿ ನಿಂತು ನೋಡಬೇಕಿತ್ತು.

ಹೊಸಬನಿಗೆ ಧೈರ್ಯ ಬರಲಿ ಎಂದು ಹಳಬರೇ ಮೊದಲು ಪರಿಚಯ ಹೇಳಿಕೊಳ್ಳುವುದು ವಾಡಿಕೆ. ಮೆಡಿಕಲ್ ಶಾಪಿನವರು ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿದ್ದರು. "ನಾನು ಔಷಧಿ ಅಂಗಡಿ. ಮೊದಲ ಪಂದ್ಯ ನೋಡಿದ್ದು ಪಕ್ಕದ ಮನೆ ಕಿಟಕಿಯಿಂದ. ಅರ್ಧ ಟೀವಿ ಮಾತ್ರ ಕಾಣ್ತಿತ್ತು, ಅದಕ್ಕೇ ನನಗೆ ಈಗ್ಲೂ ಲೆಗ್ ಸೈಡ್ ಅಂದ್ರೆ ಪ್ರೀತಿ ಜಾಸ್ತಿ. ನಮ್ಮವರು ಸಂಕಟದಲ್ಲಿದ್ರೆ ಎಡಗಾಲು ಬಲಗಾಲ ಮೇಲೆ ಹಾಕಿದ್ದು ತೆಗೆಯಲ್ಲ. ಜೋಮು ಹಿಡಿದ್ರೂ ತೆಗೆಯಲ್ಲ."

ಆಮೇಲೆ ಕೋಣೆಯ ಯಜಮಾನ. "ನಾನು ಟೀವಿ ರಿಪೇರಿ. ಮೊದಲ ಪಂದ್ಯ ನೋಡಿದ್ದು ರಿಪೇರಿಗೆ ಬಂದಿದ್ದ ಗಿರಾಕಿ ಟೀವಿಯಲ್ಲಿ. ಸರಣಿ ಮುಗಿಯೋವರೆಗೂ ಆ ಟೀವಿ ರಿಪೇರಿ ಆಗ್ಲೇ ಇಲ್ಲ. ಸಂಕಟ ಬಂದ್ರೆ ಸೌಂಡ್ ತೆಗೆದುಬಿಡ್ತೀನಿ."

ಎಲ್ಲರೂ ನಗುತ್ತಿದ್ದರು. ಆಮೇಲೆ ಯಜಮಾನ ಪಕ್ಕದ ಗೋಡೆಯ ಮೇಲೆ ಬೆರಳಿನಿಂದ ಬಡಿಯುತ್ತಿದ್ದ. ಗೋಡೆಯ ಆ ಕಡೆಯಿಂದ ಒಂದು ಧ್ವನಿ ನಿಧಾನವಾಗಿ ಬರುತ್ತಿತ್ತು. "ನಾನು ಕುಶನ್ ಕೆಲಸ. ಮೊದಲ ಪಂದ್ಯ ಪೂರ್ತಿ ನೋಡ್ಲಿಲ್ಲ. ಸಂಕಟ ಬರ್ಬಾರ್ದು ಅಂತ ನಾನು ನೋಡೋದೇ ಇಲ್ಲ."

ಹೊಸಬ ಇದೂ ತಮಾಷೆಯೆಂದು ಹಲ್ಲು ಬಿಡುತ್ತಿದ್ದ. ಆದರೆ ಆ ಮಾತಿಗೆ ಆ ಕೋಣೆಯಲ್ಲಿ ಬೇರೆ ಯಾರೂ ನಗುತ್ತಿರಲಿಲ್ಲ. ಅವನ ನಗು ಅರ್ಧಕ್ಕೇ ನಿಂತುಬಿಡುತ್ತಿತ್ತು.

ಗೋಡೆಯ ಆ ಕಡೆ ಇದ್ದವರು ಕುಶನ್ ಮಾಮ. ಸೋಫಾ, ಬಸ್ಸಿನ ಸೀಟು, ಹಲ್ಲಿನ ಡಾಕ್ಟರ ಕುರ್ಚಿ, ಏನೇ ಕುಸಿದು ಕೂತಿದ್ದರೂ ಅದಕ್ಕೆ ಹೊಸ ಸ್ಪಂಜು ತುಂಬಿ, ರೆಕ್ಸಿನ್ ಎಳೆದು, ಮೊಳೆ ಹೊಡೆದು ನಿಲ್ಲಿಸುವುದರಲ್ಲಿ ಎತ್ತಿದ ಕೈ. ಬಾಯಿ ತುಂಬ ಸಣ್ಣ ಮೊಳೆಗಳನ್ನು ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದುದರಿಂದ ಮಾತು ಕಡಿಮೆ. ಕ್ರಿಕೆಟ್ಟಿನ ಮೇಲಿನ ಪ್ರೀತಿ ಮಾತ್ರ ಮಿತಿಯಿಲ್ಲದ್ದು. ಇಷ್ಟು ಪ್ರೀತಿ ಇಟ್ಟುಕೊಂಡ ಮನುಷ್ಯ ಗೆದ್ದ ಪಂದ್ಯದ ಒಂದು ಬಾಲನ್ನೂ ಕಣ್ಣಾರೆ ಕಂಡಿರಲಿಲ್ಲ ಎಂದರೆ ಯಾರಿಗಾದರೂ ಅಯ್ಯೋ ಅನಿಸುತ್ತದೆ.

ಅದು ಶುರುವಾದದ್ದು ಅವರಿನ್ನೂ ಮೀಸೆ ತಿರುವುವ ವಯಸ್ಸಿನಲ್ಲಿ. ಆ ಕೋಣೆಯಲ್ಲೇ ಒಂದು ಹಳೇ ಬೆಂಚಿಗೆ ದಿಂಬು ಕೂರಿಸುತ್ತ, ಸೂಜಿಯಿಂದ ತಲೆಯೆತ್ತಿ ಟೀವಿ ನೋಡಿದರು. ಒಬ್ಬ ಔಟಾದ. ಛೆ ಎಂದು ತಲೆ ತಗ್ಗಿಸಿದರು. ಮತ್ತೆ ತಲೆಯೆತ್ತಿದಾಗ ಇನ್ನೊಬ್ಬ ಔಟಾದ. ಮೂರನೆಯವನೂ ಹಾಗೇ ಹೋದಾಗ ಯಾರೋ ತಮಾಷೆಗೆ, "ಮಾರಾಯ, ನೀನು ಸ್ವಲ್ಪ ಹೊರಗೆ ಹೋಗಿ ನಿಂತ್ಕೋ" ಅಂದರು. ಮಾಮ ನಗುತ್ತಲೇ ಎದ್ದು ಹೋದರು. ಉಳಿದ ಕೊನೆಯ ಜೋಡಿ ಸಂಜೆಯವರೆಗೆ ಕಚ್ಚಿಕೊಂಡು ಆಡಿತು. ಗೆಲುವಿಗೆ ಇನ್ನು ಸ್ವಲ್ಪವೇ ಬೇಕು ಎನ್ನುವಾಗ, ಪಾಪ ಎಂದು ಒಳಗೆ ಕರೆದರು. ಮಾಮ ಹೊಸ್ತಿಲು ದಾಟಿ ಕಣ್ಣು ಹಾಯಿಸಿದ್ದೇ ತಡ, ಸ್ಟಂಪು ಹಾರಿ ಬಿತ್ತು, ಪಂದ್ಯ ಹೋಯಿತು. ಅವತ್ತು ಕೋಣೆಯಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಮುಂದಿನ ಪಂದ್ಯಕ್ಕೆ ಅವರೇ ತಮ್ಮ ಅಂಗಡಿಯಲ್ಲಿ ಕೂತರು, ಟೀವಿ ಕಾಣದಂತೆ, ನಡುವಿನ ಗೋಡೆಗೆ ಹಣೆ ಆನಿಸಿ. ನಮ್ಮವರು ಗೆದ್ದರು. ಅಲ್ಲಿಂದ ಅದೇ ಕಾನೂನಾಯಿತು. ಗೋಡೆಯ ಆಚೆಯ ಕುರ್ಚಿಗಳಿಗೆಲ್ಲ ಸ್ಪ್ರಿಂಗು ಹಾಕಿದ್ದು ಇವರೇ ಆದ್ದರಿಂದ ಯಾವ ಕುರ್ಚಿ ಕಿರ್ ಎಂದಿತು, ಯಾರು ಎದ್ದರು, ಯಾರು ಕುಸಿದು ಕೂತರು ಎಲ್ಲ ತಿಳಿಯುತ್ತಿತ್ತು. ಕುರ್ಚಿಗಳೆಲ್ಲ ಒಟ್ಟಿಗೆ ಹಗುರಾದರೆ ಬೌಂಡರಿ. ಒಂದರ ಹಿಂದೊಂದು ಭಾರವಾದರೆ ವಿಕೆಟ್. ಪಂದ್ಯ ಗೆದ್ದ ಮೇಲೆ ಯಾರಾದರೂ ಬಂದು ಕರೆಯುವವರೆಗೆ ಅವರು ಅಲ್ಲಾಡುತ್ತಿರಲಿಲ್ಲ. ಒಳಗೊಳಗೇ ಒಂದು ಜಂಬವೂ ಇತ್ತೆನ್ನಿ. ಆಡುವವರು ಹನ್ನೊಂದು ಜನ, ನೋಡದೆ ಗೆಲ್ಲಿಸುವವನು ನಾನೊಬ್ಬ ಎಂದು.

ಈ ಜಂಬಕ್ಕೆ ಸೂಜಿ ಚುಚ್ಚುತ್ತಿದ್ದವರು ಅವರ ಹೆಂಡತಿ. ಅದೇ ಅಂಗಡಿಯಲ್ಲಿ ಮೆಷಿನ್ ಮೇಲೆ ಕವರು ಹೊಲಿಯುತ್ತಿದ್ದರು. ಆ ಹೆಂಗಸಿಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. "ರೀ, ನಿಮ್ಮ ಕಣ್ಣಿಗೆ ಅಷ್ಟು ಪವರ್ ಇದ್ರೆ ಅಡುಗೆಮನೆ ಇಲಿನ ಒಂದ್ಸಲ ನೋಡ್ಬಾರ್ದಾ?" ಎನ್ನುತ್ತಿದ್ದರು. ಮಾಮ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಾಗ ಮೆಷಿನ್ ತುಳಿಯುವುದನ್ನು ನಿಲ್ಲಿಸಿ, ಕೆನ್ನೆಗೆ ಕೈಕೊಟ್ಟು ಅವರನ್ನೇ ನೋಡುತ್ತ ಕೂರುತ್ತಿದ್ದರು. ಗಂಡನ ಹುಬ್ಬು ಏರುವುದು, ಇಳಿಯುವುದು, ತುಟಿ ಕಚ್ಚುವುದು. ಅವರಿಗೆ ಅದೇ ಪಂದ್ಯ.

ಹುಚ್ಚು ಆಟದಲ್ಲೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅದು ಮನೆಯೊಳಗೂ ಕಾಲಿಟ್ಟಿತು. ತಾನು ಆಸೆಯಿಂದ ಏನನ್ನು ನೋಡಿದರೂ ಅದು ಉರುಳುತ್ತದೆ ಎಂಬ ಭಯ ಮಾಮನಿಗೆ ಹತ್ತಿಕೊಂಡಿತು. ಮಗಳು ಹೆಜ್ಜೆಯಿಡಲು ಕಲಿಯುವಾಗ ಮುಖ ತಿರುಗಿಸಿದರು. ಪರೀಕ್ಷೆಗೆ ಹೋಗುವಾಗ ಅಂಗಡಿಯ ಶಟರ್ ಅರ್ಧ ಎಳೆದುಕೊಂಡರು. ಮಗಳಿಗೆ ಮದುವೆಯಾಗಿ ಕೂಸು ಹುಟ್ಟಿದ ಮೇಲೆ ಹೆಂಡತಿ ಕಾಯಿಲೆ ಬಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಮಾಮ ಕಾರಿಡಾರಿನಲ್ಲಿ, ಹಸಿರು ಬಣ್ಣದ ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟರು. ಒಳಗಿನಿಂದ ಮಗಳು ಬಂದಳು. "ಅಪ್ಪ, ಅಮ್ಮ ಕರೀತಿದಾಳೆ. ಒಂದ್ಸಲ ಬಂದು ನೋಡಿ ಹೋಗ್ಲಿ ಅಂತಿದಾಳೆ."

"ನಾನು ನೋಡದೆ ಇದ್ರೇನೇ ಒಳ್ಳೇದು ಕಣಮ್ಮ. ಹುಷಾರಾದ್ಮೇಲೆ ಬಂದು ಕರಿ."

ಮಗಳು ಬಂದು ಕರೆದಳು. ಆದರೆ ಹುಷಾರಾಗಿದ್ದಕ್ಕಲ್ಲ. ಅಂದಿನಿಂದ ಮಗಳು ಅಪ್ಪನಿಗೆ ಊಟ ಬಡಿಸಿದಳು, ಬಟ್ಟೆ ಒಗೆದಳು, ಎಲ್ಲ ಮಾಡಿದಳು, ಎದುರು ಕೂತು ಮಾತಾಡಲಿಲ್ಲ. ಮಾಮ ಅದನ್ನೂ ಹೊಟ್ಟೆಗೆ ಹಾಕಿಕೊಂಡರು. ಗೋಡೆಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡರು.

ಇಂಥವರ ಅಂಗಡಿಯಲ್ಲೇ ಮೊಮ್ಮಗಳು ಬೆಳೆದಳು. ಹಳೇ ಸೋಫಾದ ಕಾಲು ಅವಳಿಗೆ ಮೊದಲ ಬ್ಯಾಟು. ಕತ್ತರಿಸಿ ಉಳಿದ ರೆಕ್ಸಿನ್ನಿನೊಳಗೆ ನಾರು ತುಂಬಿ ತಾತ ಹೊಲಿದುಕೊಟ್ಟದ್ದು ಮೊದಲ ಚೆಂಡು. ತಾತ ಬೆನ್ನು ಹಾಕಿಕೊಂಡು ಕೆಲಸ ಮಾಡುತ್ತಿದ್ದರು, ಹುಡುಗಿ ಶಟರಿಗೆ ಚೆಂಡು ಹೊಡೆಯುತ್ತಿದ್ದಳು. "ಈಗಿಂದು ಬ್ಯಾಟಿನ ಅಂಚಿಗೆ ತಗಲ್ತು" ಎಂದು ಅವರು ತಿರುಗದೆಯೇ ಹೇಳುತ್ತಿದ್ದರು. ಸಣ್ಣವಳಿದ್ದಾಗ ಅವಳಿಗೆ ಇದೊಂದು ಮೋಜು. ಬೆಳೆದಂತೆ ಅದು ಮೋಜಾಗಿ ಉಳಿಯಲಿಲ್ಲ. ಎದುರಿನ ಅಂಗಡಿಯವರೆಲ್ಲ ಅವಳ ಆಟ ನೋಡಿದ್ದರು, ಕಲಿಸಿದ ತಾತ ನೋಡಿರಲಿಲ್ಲ.

ಜಿಲ್ಲೆಯ ಹುಡುಗಿಯರ ತಂಡಕ್ಕೆ ಆಯ್ಕೆ ಮಾಡುವ ಪಂದ್ಯ ಹಳೇ ಮೈದಾನದಲ್ಲಿ ಗೊತ್ತಾದಾಗ ಅವಳು ಬಂದು ತಾತನ ಎದುರಿಗೇ ಕೂತಳು.

"ತಾತ, ನಾಳಿದ್ದು ನೀವು ಬರ್ಬೇಕು."

"ಬರ್ತೀನಿ ಪುಟ್ಟಿ."

"ಬರೋದಲ್ಲ. ನೋಡ್ಬೇಕು."

ಮಾಮ ಡಬ್ಬಿಯಿಂದ ನಾಲ್ಕು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡರು. ಹುಡುಗಿ ಎದ್ದಳು. "ಇದೇ ಕೊನೆ ಸಲ ಕೇಳ್ತಿರೋದು. ನೀವು ನೋಡ್ಲಿಲ್ಲ ಅಂದ್ರೆ ಇನ್ಮೇಲೆ ಕರೆಯಲ್ಲ." ಅಂದದ್ದು ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು.

ರಾತ್ರಿ ಊಟಕ್ಕೆ ಬಡಿಸುತ್ತ ಮಗಳು, ಎಷ್ಟೋ ಕಾಲದ ಮೇಲೆ, ಅಪ್ಪನ ಮುಖ ನೋಡಿ ಒಂದು ಮಾತಾಡಿದಳು. "ಅಮ್ಮನಿಗೆ ಮಾಡಿದ್ದನ್ನ ನನ್ನ ಮಗಳಿಗೂ ಮಾಡ್ಬೇಡಿ ಅಪ್ಪ." ಮಾಮ ತಟ್ಟೆ ಸರಿಸಿ ಕೈತೊಳೆದರು. ನೋಡದಿದ್ದರೆ ಮೊಮ್ಮಗಳು ಕೈತಪ್ಪುತ್ತಾಳೆ. ನೋಡಿದರೆ ಅವಳ ಆಟ ಹಾಳಾಗುತ್ತದೆ. ತನ್ನ ಕಣ್ಣಿನ ಮೇಲೆ ಅವರಿಗಿದ್ದ ನಂಬಿಕೆ ಅಷ್ಟು ಗಟ್ಟಿ.

ಹಳೇ ಮೈದಾನ ಊರಿನ ಅಂಚಿನಲ್ಲಿತ್ತು. ಒಂದು ಕಡೆ ಸಿಮೆಂಟಿನ ಮೆಟ್ಟಿಲು, ಅದರ ಪಕ್ಕದಲ್ಲಿ ತುಕ್ಕು ಹಿಡಿದ ರೋಲರ್ರು, ನೀರಿನ ಟ್ಯಾಂಕು. ಟ್ಯಾಂಕಿನ ಆಚೆ ಉದ್ದಕ್ಕೆ ಕಾಂಪೌಂಡು ಗೋಡೆ. ಬೆಳಗ್ಗೆ ಎದುರಾಳಿಗಳು ಬ್ಯಾಟು ಮಾಡುವಷ್ಟು ಹೊತ್ತೂ ಮಾಮ ಮೆಟ್ಟಿಲ ಮೇಲೆ ಮಗಳ ಪಕ್ಕ ಆರಾಮಾಗಿ ಕೂತು ನೋಡಿದರು. ಮಧ್ಯಾಹ್ನ ಮೊಮ್ಮಗಳು ಪ್ಯಾಡು ಕಟ್ಟಿಕೊಂಡು ಮೈದಾನಕ್ಕಿಳಿದು, ನಡುವೆ ನಿಂತು ಮೆಟ್ಟಿಲುಗಳ ಕಡೆ ಕಣ್ಣಾಡಿಸಿದಳು. ಅಷ್ಟರಲ್ಲಿ ಮಾಮನ ಕಾಲು ತಾನಾಗಿ ಎದ್ದಿತ್ತು. "ನೀರು ಕುಡಿದು ಬರ್ತೀನಿ" ಎಂದರು.

ಟ್ಯಾಂಕು ದಾಟಿ ಬಂದು ಗೋಡೆಗೆ ಮುಖ ಮಾಡಿ ನಿಂತಾಗ ಅವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಗಾರೆಯ ಮೇಲೆ ಆಳೆತ್ತರದಲ್ಲಿ ಅಂಗೈಯಗಲದ ಕಪ್ಪು ಕಲೆಗಳು. ಒಂದಾದ ಮೇಲೊಂದು, ಗೋಡೆಯುದ್ದಕ್ಕೂ. ಅಂಥ ಕಲೆ ಅವರಿಗೆ ಚೆನ್ನಾಗಿ ಗೊತ್ತು. ತಮ್ಮ ಅಂಗಡಿಯ ಗೋಡೆಯ ಮೇಲೂ ಒಂದಿದೆ. ವರ್ಷಗಟ್ಟಲೆ ಹಣೆ ಆನಿಸಿದರೆ ಎಣ್ಣೆ ಜಿಡ್ಡು ಹಾಗೆ ಕೂರುತ್ತದೆ. ಮಾಮ ಸುಮ್ಮನೆ ಎದುರಿಗಿದ್ದ ಕಲೆಗೆ ಹಣೆ ತಾಗಿಸಿದರು. ಅಳತೆ ತೆಗೆದು ಮಾಡಿದಂತೆ ಕೂತಿತು. ಬಿಸಿಲಲ್ಲಿ ಕಾದ ಗೋಡೆ, ಆ ಜಾಗ ಮಾತ್ರ ತಣ್ಣಗಿತ್ತು.

ಬೆನ್ನ ಹಿಂದೆ ಟಕ್ ಎಂಬ ಸದ್ದು. ಬ್ಯಾಟಿನ ಮಧ್ಯಕ್ಕೇ ಬಿದ್ದಿದೆ. ಮಾಮನ ಜೀವ ಹಗುರಾಯಿತು. ಮತ್ತೆ ಟಕ್. ಓಡುವ ಹೆಜ್ಜೆ, ಚಪ್ಪಾಳೆ. ಚೆನ್ನಾಗಿ ಆಡುತ್ತಿದ್ದಾಳೆ. ನೋಡದೇ ಇರುವುದರಿಂದಲೇ ಚೆನ್ನಾಗಿ ಆಡುತ್ತಿದ್ದಾಳೆ ಎಂದುಕೊಂಡರು.

"ಹೊಸಬರಾ?" ಎಂದಿತು ಬಲಗಡೆಯಿಂದ ಒಂದು ಧ್ವನಿ.

ಯಾರು ಯಾವಾಗ ಬಂದರೋ ಮಾಮನಿಗೆ ತಿಳಿದಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಆ ಧ್ವನಿ ಮೆಲ್ಲಗೆ ತಡೆಯಿತು. "ಬೇಡ ಬೇಡ, ತಲೆ ಎತ್ಬೇಡಿ. ಇಲ್ಲಿ ಯಾರೂ ಯಾರನ್ನೂ ನೋಡಲ್ಲ. ನಾನು ಗಡಿಯಾರ ರಿಪೇರಿ. ಮೊದಲ ಪಂದ್ಯ ಇದೇ ಮೈದಾನದಲ್ಲಿ, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು. ನಮ್ಮವರು ಸಂಕಟದಲ್ಲಿದ್ರೆ ಇಲ್ಲಿಗೆ ಬಂದು ನಿಲ್ತೀನಿ."

ಅದೇ ಪರಿಚಯ. ಟೀವಿ ರಿಪೇರಿ ಕೋಣೆಯ ಅದೇ ಕ್ರಮ. ಮಾಮನಿಗೆ ಮೈ ಜುಮ್ಮೆಂದರೂ ಒಳಗೊಂದು ಖುಷಿಯೂ ಆಯಿತು. ತನ್ನಂಥವರು ಇನ್ನೂ ಇದ್ದಾರೆ. "ನಾನು ಕುಶನ್ ಕೆಲಸ" ಎಂದು ಅವರೂ ಹೇಳಿಕೊಂಡರು. "ನನ್ನ ಮೊಮ್ಮಗಳು ಆಡ್ತಿದಾಳೆ."

"ಮೊಮ್ಮಗಳಾ?" ಧ್ವನಿಯಲ್ಲಿ ಗೊಂದಲವಿತ್ತು. "ಇಲ್ಲಿ ಹೆಣ್ಣುಮಕ್ಕಳು ಎಲ್ಲಿ ಆಡ್ತಾರೆ ಸ್ವಾಮಿ? ಸೇತುವೆಯಾಚೆ ತಂಡದ ಮೇಲೆ ನಮ್ಮವರ ಪಂದ್ಯ ಅಲ್ವಾ ನಡೀತಿರೋದು? ಗೆದ್ದ ಮೇಲೆ ಬಂದು ಕರೀತೀವಿ ಅಂದ್ರು. ಇನ್ನೂ ಕರೆದಿಲ್ಲ."

ಸೇತುವೆಯಾಚೆಯ ತಂಡ ಮುಚ್ಚಿಹೋದದ್ದು ಮಾಮ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ. ಹಣೆ ಗೋಡೆಯ ಮೇಲೇ ಇತ್ತು, ಕಣ್ಣು ಮಾತ್ರ ಕೆಳಕ್ಕೆ ಹೊರಳಿತು. ಬಲಗಡೆ ಬಿಳಿ ಕ್ಯಾನ್ವಾಸ್ ಶೂ ತೊಟ್ಟ ಎರಡು ಪಾದಗಳು. ಶೂಗಳ ಲೇಸಿನ ತೂತುಗಳಿಂದ ಹುಲ್ಲು ಮೇಲೆದ್ದು, ಬಾಗಿ, ಒಣಗಿ, ಮತ್ತೆ ಹೊಸ ಹುಲ್ಲು ಹುಟ್ಟಿತ್ತು.

ಅದರಾಚೆಯಿಂದ ಇನ್ನೊಂದು ಧ್ವನಿ, "ನಾನು ಬ್ರೆಡ್ಡಿನ ಭಟ್ಟಿ. ಆಟ ಅಂದ್ರೆ ಪ್ರಾಣ. ನನ್ನ ತಮ್ಮ ಚೆಂಡು ಹಿಡಿಯೋವಾಗ ನೋಡಿದೆ, ಕೈಜಾರಿಬಿಟ್ಟ. ಆಮೇಲೆ ಅವನನ್ನೇ ನೋಡ್ಲಿಲ್ಲ" ಎಂದಿತು. ಅದರಾಚೆ, "ನಾನು ಟೆಲಿಫೋನ್ ಆಫೀಸು. ಸ್ಕೋರು ಎಷ್ಟಾಯ್ತು, ಯಾರಾದ್ರೂ ಹೇಳ್ತೀರಾ?" ಎಂದಿತು. ಅದರಾಚೆಯೂ ಇದ್ದರು. ಪರಿಚಯಗಳು ಗೋಡೆಯುದ್ದಕ್ಕೂ ದೂರದೂರ ಸಾಗುತ್ತ, ಸಣ್ಣಗಾಗುತ್ತ, ಕೊನೆಗೆ ಬರೀ ಗುಣುಗುಣು ಆದವು. ಎಲ್ಲರಿಗೂ ಆಟದ ಮೇಲೆ ಅಷ್ಟು ಪ್ರೀತಿ. ಎಲ್ಲರೂ ಕರೆಯುವವರಿಗಾಗಿ ಕಾಯುತ್ತಿದ್ದರು. ಮಾಮನಿಗೆ ಕಾಲಿಗೆ ಬುದ್ಧಿ ಹೇಳಬೇಕೆನಿಸಿತು, ಪಾದ ಮೇಲೇಳಲಿಲ್ಲ. ತನ್ನ ಚಪ್ಪಲಿಯ ಬಾರಿನ ನಡುವೆ ಒಂದು ಎಳೆ ಹುಲ್ಲು ತಲೆಯೆತ್ತಿರುವುದನ್ನು ಅವರು ಆಗ ಕಂಡರು.

ಬೆನ್ನ ಹಿಂದೆ ಬ್ಯಾಟಿನ ಸದ್ದು ಈಗ ಬಹಳ ದೂರದಿಂದ, ಬೇರೆ ಯಾವುದೋ ಊರಿನಿಂದ ಕೇಳಿದಂತಿತ್ತು. ಟಕ್. ಇನ್ನು ಸ್ವಲ್ಪ ಹೊತ್ತು ನಿಂತರೆ ಅದೂ ಕೇಳಿಸುವುದಿಲ್ಲ ಎಂದು ಅವರಿಗೆ ಅರಿವಾಯಿತು.

ಆಗ ಎಡಗಡೆಯಿಂದ, ತೀರ ಹತ್ತಿರದಿಂದ, ಒಂದು ಹೆಣ್ಣು ಧ್ವನಿ ಬಂತು. ಜೊತೆಗೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ, ಗುರುತು ಹಾಕುವ ಸೀಮೆಸುಣ್ಣದ ವಾಸನೆ.

"ನಾನು ಕವರು ಹೊಲಿಯೋ ಕೆಲಸ. ನನಗೆ ಕ್ರಿಕೆಟ್ಟು ಗೊತ್ತಿಲ್ಲ. ಒಂದು ಪಂದ್ಯಾನೂ ನೋಡಿಲ್ಲ. ಆಟ ಕೇಳಿಸ್ಕೊಳ್ಳೋರು ಒಬ್ಬರಿದ್ರು, ಅವರ ಮುಖ ನೋಡ್ತಾ ಕೂರ್ತಿದ್ದೆ. ಸಂಕಟ ಬಂದಾಗ ಅವರನ್ನ ಕರೆದೆ. ಬರ್ಲಿಲ್ಲ."

ಮಾಮ ಇಷ್ಟು ವರ್ಷ ತಡೆದುಕೊಂಡಿದ್ದ ಅಳು ಒಮ್ಮೆಲೇ ಹೊರಗೆ ಬಂತು. "ತಪ್ಪಾಯ್ತು ಕಣೆ" ಎಂದರು. "ನಾನು ನೋಡಿದ್ರೆ ನೀನು ಹೋಗ್ಬಿಡ್ತೀಯ ಅಂತ ಭಯ ಆಯ್ತು."

"ನೋಡದೇನೂ ಹೋದೆನಲ್ಲ ರೀ."

ಮಾಮ ಹಣೆಯನ್ನು ಗೋಡೆಯಿಂದ ಕಿತ್ತರು. ಕಿತ್ತ ಜಾಗದಲ್ಲಿ ಚರ್ಮ ಉರಿಯಿತು. ಅವಳನ್ನು ಈಗಲಾದರೂ ನೋಡಬೇಕೆಂದು ಎಡಕ್ಕೆ ಕತ್ತು ತಿರುಗಿಸಲು ಹೋದರು.

"ಈ ಕಡೆ ಬೇಡ" ಎಂದಿತು ಧ್ವನಿ. ಬೈಗುಳವಿರಲಿಲ್ಲ, ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದಾಗ ಎಬ್ಬಿಸುತ್ತಿದ್ದ ಅದೇ ಅವಸರ. "ಇಲ್ಲಿದು ಮುಗೀತು. ಅಲ್ಲಿ ಕೂಸು ಕಾಯ್ತಿದೆ. ಆ ಕಡೆ ತಿರುಗ್ರಿ."

ಮಾಮ ತಿರುಗಿದರು.

ಬೆಳಕು ಕಣ್ಣಿಗೆ ರಾಚಿತು. ಹಸಿರು ಮೈದಾನ, ಬಿಳಿ ಬಟ್ಟೆಯ ಹುಡುಗಿಯರು, ನಡುವೆ ಬ್ಯಾಟು ಹಿಡಿದ ಮೊಮ್ಮಗಳು. ಎಷ್ಟು ಎತ್ತರ ಬೆಳೆದಿದ್ದಾಳೆ ಎಂದು ಅವರಿಗೆ ಬೆರಗಾಯಿತು. ಎಡಮೊಣಕೈ ಎತ್ತಿ ಹಿಡಿಯುವ ರೀತಿ, ಚೆಂಡು ಬರುವ ಮುಂಚೆ ಹಿಮ್ಮಡಿ ನೆಲಕ್ಕೆ ಕುಟ್ಟುವ ರೀತಿ, ಇದ್ಯಾವುದೂ ಗೋಡೆಗೆ ಕೇಳಿಸಿರಲಿಲ್ಲ. ಬೌಲರ್ ಓಡಿಬಂದಳು. ಮಾಮ ರೆಪ್ಪೆ ಮಿಟುಕಿಸಲಿಲ್ಲ. ಚೆಂಡು ಬಿದ್ದು ಒಳಕ್ಕೆ ತಿರುಗಿತು, ಸ್ಟಂಪು ಹಾರಿತು.

ಎದುರಾಳಿಗಳು ಕೂಗಿ ಕುಣಿದರು. ಮಾಮನ ಮೈ ಹಳೇ ಚಾಳಿಯಂತೆ ಗೋಡೆಯ ಕಡೆ ಹೊರಳಲು ನೋಡಿತು. ಅವರು ಕಾಲು ಊರಿ ನಿಂತರು. ತಮ್ಮವರು ಔಟಾಗಿ ನಡೆದು ಬರುವುದನ್ನು ಅವರು ಜನ್ಮದಲ್ಲೇ ನೋಡಿರಲಿಲ್ಲ. ಅಷ್ಟರಲ್ಲಿ ತಲೆ ತಗ್ಗಿಸಿರುತ್ತಿದ್ದರು, ಇಲ್ಲವೇ ಗೋಡೆಗೆ ಮುಖ ಮಾಡಿರುತ್ತಿದ್ದರು. ಈಗ ನೋಡಿದರು. ಅವಳು ಒಮ್ಮೆ ಸ್ಟಂಪಿನ ಕಡೆ ನೋಡಿ, ಗ್ಲೌಸು ಬಿಚ್ಚುತ್ತ, ತಲೆ ತಗ್ಗಿಸಿ, ಆಮೇಲೆ ತಲೆಯೆತ್ತಿ ನಡೆದಳು. ಗೆರೆಯ ಬಳಿ ಕೋಚಮ್ಮ ಅವಳ ಬೆನ್ನು ತಟ್ಟಿ, "ಸಾಕು, ನೋಡ್ಬೇಕಾದ್ದು ನೋಡಿಯಾಯ್ತು, ಜಿಲ್ಲಾ ತಂಡದ ಕ್ಯಾಂಪಿಗೆ ಬ್ಯಾಗು ರೆಡಿ ಮಾಡ್ಕೋ" ಎಂದರು. ಅವಳು ಅಲ್ಲಿ ನಿಲ್ಲದೆ ನೆಟ್ಟಗೆ ಟ್ಯಾಂಕಿನ ಕಡೆಗೇ ಬಂದಳು. ಮೆಟ್ಟಿಲಿನಿಂದ ಅವಳ ತಾಯಿಯೂ ಇಳಿದು ಬಂದಳು.

"ನೋಡಿದ್ರಾ?" ಎಂದಳು ಹುಡುಗಿ.

"ನೋಡಿದೆ."

"ಏನು ನೋಡಿದ್ರಿ? ಔಟಾಗಿದ್ದು ಮಾತ್ರ ನೋಡಿದ್ರಿ."

"ಅದನ್ನೂ ನೋಡಿದೆ. ನೀನು ನಡ್ಕೊಂಡು ಬಂದಿದ್ದನ್ನೂ ನೋಡಿದೆ. ಅದು ಚೆನ್ನಾಗಿತ್ತು ಪುಟ್ಟಿ." ಮಾಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಹಣೆಯ ಮೇಲೆ ಅಂಗೈಯಗಲದ ಗಾರೆಯ ಗುರುತು. ಮಗಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

ಹುಡುಗಿ ತಾತನ ಭುಜದ ಮೇಲಿಂದ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಬಿಸಿಲು, ಗಾರೆ, ಕಲೆಗಳು.

"ಅವರೆಲ್ಲ ಎಲ್ಲಿಗೆ ಹೋದ್ರು?"

"ಯಾರಮ್ಮ?" ಎಂದಳು ತಾಯಿ.

"ತಾತನ ಜೊತೆ ನಿಂತಿದ್ರಲ್ಲ, ಗೋಡೆಯುದ್ದಕ್ಕೂ, ಎಲ್ಲ ಬೆನ್ನು ಹಾಕ್ಕೊಂಡು. ತಾತ ತಿರುಗಿದ ತಕ್ಷಣ ಎಲ್ಲರೂ ಒಟ್ಟಿಗೆ ತಿರುಗಿ ನನ್ನನ್ನೇ ನೋಡಿದ್ರು. ನಾನು ಅವರನ್ನ ನೋಡ್ತಾ ಚೆಂಡು ಬಿಟ್ಬಿಟ್ಟೆ." ಅವಳು ಗ್ಲೌಸಿನಿಂದ ಮೂಗು ಒರೆಸಿಕೊಂಡಳು. "ತಾತನ ಪಕ್ಕದಲ್ಲಿದ್ದ ಒಬ್ಬರು ಮಾತ್ರ ಆಟದ ಕಡೆ ತಿರುಗ್ಲೇ ಇಲ್ಲ. ಕೆನ್ನೆಗೆ ಕೈ ಕೊಟ್ಕೊಂಡು ತಾತನ ಮುಖಾನೇ ನೋಡ್ತಿದ್ರು."